ಯೂನಿಟ್ ಅರವತ್ತೆಂಟಾದರೂ ಟ್ರಾನ್ಸ್‌ಫರ್ ಏಕೆ ಆಗಿಲ್ಲ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಇಲ್ಲಿಯೇ ಹುಟ್ಟಿದ ನಮ್ಮ ಮಗ 2023ರಲ್ಲಿ ಹೈಸ್ಕೂಲ್ ಮುಗಿಸಿ ಹತ್ತಿರದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಪದವಿಯ ಮೊದಲೆರಡು ವರ್ಷದ ಪಾಠ ಕಲಿಸುವ ಸರ್ಕಾರಿ ಕಾಲೇಜಿಗೆ, ಸೇರಿದ. ಮೊದಲು ಬಯಾಲಜಿ ಎಂದ, ಆಮೇಲೆ ಎಕನಾಮಿಕ್ಸ್ ಎಂದ, ಈಗ ಒಂದು ವರ್ಷದಿಂದ ಕಂಪ್ಯೂಟರ್ ಸೈನ್ಸ್ ಎನ್ನುತ್ತಿದ್ದಾನೆ. ವಾರಕ್ಕೆ ಸುಮಾರು 20 ಗಂಟೆ ಅಂಗಡಿಯೊಂದರಲ್ಲಿ ಕೆಲಸವನ್ನೂ ಮಾಡುತ್ತಾನೆ. 68 ಯೂನಿಟ್, ಅಂದರೆ ಮುಗಿಸಿದ ಕೋರ್ಸ್‌ಗಳಿಗೆ ಸಿಗುವ ಕ್ರೆಡಿಟ್, ಆಗಿವೆ, ಕ್ಯಾಲ್ಕುಲಸ್‌ನ ಮೊದಲ ಭಾಗ ಮಾತ್ರ ಮುಗಿದಿದೆ. ಎರಡು ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ಯೂನಿವರ್ಸಿಟಿಗೆ ಹೋಗುತ್ತಾನೆ ಎಂದುಕೊಂಡಿದ್ದೆವು, ಇನ್ನೂ ಒಂದು ವರ್ಷ ಬೇಕು ಎನ್ನುತ್ತಾನೆ. 70 ಯೂನಿಟ್ ಮೀರಿದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು (ಯುಸಿ) ತೆಗೆದುಕೊಳ್ಳುವುದಿಲ್ಲ ಎಂದು ಪರಿಚಯದವರೊಬ್ಬರು ಹೇಳಿದರು. ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದರೆ ಅವರು ಏನನ್ನೂ ಹೇಳಲು ಒಪ್ಪಲಿಲ್ಲ. ಇವನನ್ನು ಯಾವುದಾದರೂ ಖಾಸಗಿ ಯೂನಿವರ್ಸಿಟಿಗೆ ಸೇರಿಸಿಬಿಡುವುದು ಒಳ್ಳೆಯದೇ? ಇನ್ನೊಂದು ವಿಷಯ: ನಮ್ಮ ಕನ್ನಡ ಕೂಟದ ಕೆಲವರು ಇಂತಹ ಮಕ್ಕಳಿಗೆ ನೆರವಾಗಬೇಕೆಂದು ಮಾತನಾಡಿಕೊಂಡಿದ್ದೇವೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಮಗ ಹೇಳುತ್ತಿರುವುದು ಸರಿಯಾಗಿದೆ. ಅವನಿಗೆ ಇನ್ನೂ ಒಂದು ವರ್ಷ ಬೇಕು, ಮತ್ತು ಆ ಒಂದು ವರ್ಷವನ್ನು ಸರಿಯಾಗಿ ಹೊಂದಿಸಿಕೊಂಡರೆ ಅದು ವ್ಯರ್ಥವಾಗುವುದಿಲ್ಲ. ಖಾಸಗಿ ಯೂನಿವರ್ಸಿಟಿಯ ಆಲೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಏಕೆಂದರೆ ಅವಸರದಲ್ಲಿ ಹೊಸ ಸಂಸ್ಥೆಗೆ ಹೋದರೆ ಈಗಿರುವ 68 ಯೂನಿಟ್‌ಗಳಲ್ಲಿ ಎಷ್ಟನ್ನು ಅವರು ಒಪ್ಪುತ್ತಾರೆ ಎಂಬುದು ಅವರಿಗೇ ಬಿಟ್ಟ ವಿಚಾರವಾಗುತ್ತದೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2017ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2004ರಿಂದ 2009ರ ನಡುವೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳು ಗಳಿಸಿದ್ದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ. 43ರಷ್ಟನ್ನು ಕಳೆದುಕೊಂಡಿದ್ದರು. ಇದು ಎಲ್ಲ ಬಗೆಯ ವರ್ಗಾವಣೆಗಳನ್ನೂ ಸೇರಿಸಿದ ಸರಾಸರಿ. ಸರ್ಕಾರಿ ಕಮ್ಯುನಿಟಿ ಕಾಲೇಜಿನಿಂದ ಸರ್ಕಾರಿ ಯೂನಿವರ್ಸಿಟಿಗೆ ಹೋಗುವವರ ನಷ್ಟ ಇದಕ್ಕಿಂತ ಬಹಳ ಕಡಿಮೆ. ಹಾಗಾಗಿ ಮೊದಲೇ ಸವೆದಿರುವ ಹಾದಿಯಲ್ಲಿ ಹೋಗುವುದೇ ಲಾಭ.

ಇನ್ನು 70 ಯೂನಿಟ್‌ನ ಭಯ. ಕಮ್ಯುನಿಟಿ ಕಾಲೇಜಿನಲ್ಲಿ ಗಳಿಸಿದ ಯೂನಿಟ್‌ಗಳಲ್ಲಿ ಗರಿಷ್ಠ 70 ಸೆಮಿಸ್ಟರ್ ಯೂನಿಟ್‌ಗಳನ್ನು ಮಾತ್ರ ಯುಸಿ ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದನ್ನು ಮೀರಿ ತೆಗೆದುಕೊಂಡ ಕೋರ್ಸ್‌ಗಳು ಕಸವಾಗುವುದಿಲ್ಲ: ಯೂನಿಟ್ ಸಿಗದಿದ್ದರೂ ಆ ವಿಷಯವನ್ನು ಓದಿ ಮುಗಿಸಿದ್ದಾನೆ ಎಂದು ಯುಸಿ ಒಪ್ಪುತ್ತದೆ, ಮೇಜರ್‌ಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಬೇಕಾದ ಕೋರ್ಸ್ ಅದಾಗಿದ್ದರೆ ಆ ಅಗತ್ಯ ತೀರುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಮಾತ್ರ ಓದಿದ ವಿದ್ಯಾರ್ಥಿಗೆ, ಯೂನಿಟ್ ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ ಪ್ರವೇಶ ತಪ್ಪುವುದಿಲ್ಲ. ಈ ಅರ್ಧಸತ್ಯವನ್ನು ನಂಬಿ ಬೇಕಾದ ಗಣಿತವನ್ನೇ ಬಿಟ್ಟು, ಸಿದ್ಧತೆ ಸಾಲದೆ ಅರ್ಜಿ ಹಾಕುವ ಮಕ್ಕಳಿದ್ದಾರೆ. ಆ ಭಯವನ್ನು ಮನೆಯಲ್ಲಿ ಬೆಳೆಸಬೇಡಿ.

ಹಾಗಾದರೆ ವರ್ಗಾವಣೆಗೆ ಬೇಕಾದ 60 ಯೂನಿಟ್ ದಾಟಿದರೂ ಅವನಿಗೆ ಏಕೆ ಹೋಗಲಾಗಲಿಲ್ಲ? ಈ ಒಂದು ಪ್ರಶ್ನೆಯ ಉತ್ತರ ಸ್ಪಷ್ಟವಾದರೆ ನಿಮ್ಮ ಕನ್ನಡ ಕೂಟದ ಕೆಲಸದ ದಿಕ್ಕೂ ಸ್ಪಷ್ಟವಾಗುತ್ತದೆ. ಯೂನಿಟ್‌ಗಳು ಕೂಡುತ್ತಾ ಹೋಗುವುದು ಬೇರೆ, ಪದವಿಯ ಕಡೆಗೆ ಸಾಗುವುದು ಬೇರೆ. ಬಯಾಲಜಿಗಾಗಿ ತೆಗೆದುಕೊಂಡ ಕೆಮಿಸ್ಟ್ರಿ, ಎಕನಾಮಿಕ್ಸ್‌ಗಾಗಿ ತೆಗೆದುಕೊಂಡ ಕೋರ್ಸ್‌ಗಳು, ನಡುವೆ ಇಷ್ಟಪಟ್ಟು ಸೇರಿದ ತರಗತಿಗಳು ಎಲ್ಲವೂ ಮೊತ್ತದಲ್ಲಿ ಸೇರಿವೆ. ಆದರೆ ಕಂಪ್ಯೂಟರ್ ಸೈನ್ಸ್ ವಿಭಾಗ ಅವನ ಅರ್ಜಿಯನ್ನು ತೆರೆದಾಗ ನೋಡುವುದು ಮೊತ್ತವನ್ನಲ್ಲ. ಕ್ಯಾಲ್ಕುಲಸ್ ಎಲ್ಲಿಯವರೆಗೆ ಬಂದಿದೆ, ಲೀನಿಯರ್ ಆಲ್ಜೀಬ್ರಾ ಆಗಿದೆಯೇ, ಡಿಸ್ಕ್ರೀಟ್ ಗಣಿತ ಮತ್ತು ಡೇಟಾ ಸ್ಟ್ರಕ್ಚರ್ಸ್ ಆಗಿವೆಯೇ, ಕೆಲವು ಕ್ಯಾಂಪಸ್‌ಗಳಲ್ಲಿ ಫಿಸಿಕ್ಸ್ ಸರಣಿ ಆಗಿದೆಯೇ ಎಂಬುದನ್ನು.

ಕರ್ನಾಟಕದಿಂದ ಬಂದ ತಂದೆ-ತಾಯಿಗಳಿಗೆ ಇದನ್ನು ಅರ್ಥಮಾಡಿಸಲು ನಾನು ಡಿಪ್ಲೊಮಾದ ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ, ಡಿಸಿಇಟಿ ಬರೆದು, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ವ್ಯವಸ್ಥೆ ಇದೆ. ಅಲ್ಲಿ ಎಲ್ಲ ಪಾಲಿಟೆಕ್ನಿಕ್‌ಗಳಿಗೂ ಪಠ್ಯಕ್ರಮ ಒಂದೇ ಕಡೆಯಿಂದ ಬರುತ್ತದೆ, ಪರೀಕ್ಷೆ ಒಂದೇ, ಸೀಟು ಹಂಚುವ ಪ್ರಾಧಿಕಾರವೂ ಒಂದೇ. ವಿದ್ಯಾರ್ಥಿಯ ಮುಂದೆ ಆಯ್ಕೆಗಳು ಕಡಿಮೆ, ಆದ್ದರಿಂದ ದಾರಿ ತಪ್ಪುವ ಅವಕಾಶವೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಯಾವ ಕೋರ್ಸ್ ಕಲಿಸಬೇಕು ಎಂಬುದನ್ನು ಆಯಾ ಕಾಲೇಜಿನ ಅಧ್ಯಾಪಕರು ನಿರ್ಧರಿಸುತ್ತಾರೆ, ಮತ್ತು ಯಾವ ಕೋರ್ಸನ್ನು ಒಪ್ಪಿಕೊಳ್ಳಬೇಕು ಎಂಬುದನ್ನು ಯುಸಿಯ ಒಂಬತ್ತು ಪದವಿ ಕ್ಯಾಂಪಸ್‌ಗಳ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ, ಅಂದರೆ ಸಿಎಸ್‌ಯುವಿನ, ಇಪ್ಪತ್ತಕ್ಕೂ ಹೆಚ್ಚು ಕ್ಯಾಂಪಸ್‌ಗಳ ವಿಭಾಗಗಳು ಬೇರೆ ಬೇರೆಯಾಗಿ ನಿರ್ಧರಿಸುತ್ತವೆ. ಈ ಎರಡನ್ನೂ ಹೊಂದಿಸುವ ಹೊಣೆ ಹದಿನೆಂಟು ವರ್ಷದ ಹುಡುಗನ ಹೆಗಲ ಮೇಲೆ ಬೀಳುತ್ತದೆ.

ಹೀಗಾಗಬೇಕೆಂದು ಯಾರೂ ಬಯಸಿದ್ದಲ್ಲ. 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲಾನ್, ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಯುಸಿಯನ್ನೂ, ಮೂರನೆಯ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳನ್ನೂ (ಇಂದಿನ ಸಿಎಸ್‌ಯು) ಗೊತ್ತುಮಾಡಿ, ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜಿನ ಬಾಗಿಲನ್ನು ತೆರೆದಿಟ್ಟಿತು. ಅಲ್ಲಿ ಎರಡು ವರ್ಷ ಓದಿದವರಿಗೆ ಮುಂದೆ ಜಾಗ ಇರಲೇಬೇಕು ಎಂಬ ಕಾರಣಕ್ಕಾಗಿಯೇ ಯೂನಿವರ್ಸಿಟಿಗಳಲ್ಲಿ ಮೊದಲೆರಡು ವರ್ಷದ ವಿದ್ಯಾರ್ಥಿಗಳಿಗಿಂತ ಕೊನೆಯ ಎರಡು ವರ್ಷದವರು ಹೆಚ್ಚಿರಬೇಕೆಂದು, 40ಕ್ಕೆ 60ರ ಪ್ರಮಾಣವನ್ನು ಆ ಯೋಜನೆಯೇ ಸೂಚಿಸಿತ್ತು. ಅಂದರೆ ನಿಮ್ಮ ಮಗ ಹಿಂಬಾಗಿಲಿನಿಂದ ಹೋಗುತ್ತಿಲ್ಲ. ಸಿಎಸ್‌ಯುವಿನಲ್ಲಿ ಪದವಿ ಪಡೆಯುವವರಲ್ಲಿ ಸುಮಾರು ಅರ್ಧದಷ್ಟು, ಯುಸಿಯಲ್ಲಿ ಪದವಿ ಪಡೆಯುವವರಲ್ಲಿ ನಾಲ್ಕರಲ್ಲೊಂದು ಭಾಗಕ್ಕಿಂತ ಹೆಚ್ಚು ಮಂದಿ ಕಮ್ಯುನಿಟಿ ಕಾಲೇಜಿನಿಂದ ಬಂದವರೇ. ಕೂಟದ ಸಮಾರಂಭಗಳಲ್ಲಿ ‘ಮಗ ಎಲ್ಲಿ ಓದುತ್ತಿದ್ದಾನೆ’ ಎಂದು ಕೇಳಿದಾಗ ಕಾಲೇಜಿನ ಹೆಸರನ್ನು ನುಂಗಿಕೊಳ್ಳುವ ತಂದೆ-ತಾಯಿಗಳು ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗುತ್ತಾರೆ ಎಂದಲ್ಲ. ದೇಶದಾದ್ಯಂತ ನೋಡಿದರೆ ಕಮ್ಯುನಿಟಿ ಕಾಲೇಜಿಗೆ ಸೇರುವ ಹತ್ತರಲ್ಲಿ ಸುಮಾರು ಎಂಟು ವಿದ್ಯಾರ್ಥಿಗಳು ಬ್ಯಾಚುಲರ್ ಪದವಿಯ ಆಸೆ ಇಟ್ಟುಕೊಂಡಿರುತ್ತಾರೆ. ವಾಸ್ತವದಲ್ಲಿ ಯೂನಿವರ್ಸಿಟಿಗೆ ವರ್ಗವಾಗುವವರು ಮೂರರಲ್ಲೊಬ್ಬರು, ಆರು ವರ್ಷದೊಳಗೆ ಪದವಿ ಮುಗಿಸುವವರು ಶೇ. 16ರಷ್ಟು. ಇದಕ್ಕೆ ಬುದ್ಧಿಶಕ್ತಿಯ ಕೊರತೆ ಕಾರಣ ಎನ್ನಲು ಆಧಾರವಿಲ್ಲ. ಯುಸಿಗೆ ವರ್ಗವಾಗಿ ಹೋದವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ನಾಲ್ಕು ವರ್ಷದೊಳಗೆ ಪದವಿ ಪಡೆಯುತ್ತಾರೆ. ಒಳಗೆ ಹೋದವರು ದಡ ಸೇರುತ್ತಾರೆ, ಸೋರಿಕೆ ಆಗುವುದು ಅದಕ್ಕೆ ಮುಂಚೆ.

ಆ ಸೋರಿಕೆಯ ಜಾಗಗಳಲ್ಲಿ ಬಹಳ ದೊಡ್ಡದು ಗಣಿತ. ಮೊದಲೆಲ್ಲ ಕಾಲೇಜಿಗೆ ಬಂದವರಿಗೆ ಒಂದು ಪ್ಲೇಸ್‌ಮೆಂಟ್ ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಹಿಂದೆ ಬಿದ್ದವರನ್ನು ಕ್ರೆಡಿಟ್ ಸಿಗದ ಕೆಳಹಂತದ ತರಗತಿಗಳಿಗೆ ಕಳಿಸುತ್ತಿದ್ದರು, ಅಲ್ಲಿಂದ ಮೇಲೆ ಬರುವವರು ಕಡಿಮೆ. 2017ರ ಎಬಿ 705 ಮತ್ತು 2022ರ ಎಬಿ 1705 ಎಂಬ ಎರಡು ಶಾಸನಗಳು ಹೈಸ್ಕೂಲಿನ ಅಂಕಗಳನ್ನೇ ಆಧಾರವಾಗಿಟ್ಟುಕೊಂಡು, ಬಹುತೇಕ ಎಲ್ಲರನ್ನೂ ವರ್ಗಾವಣೆಗೆ ಸಲ್ಲುವ ಮಟ್ಟದ ಇಂಗ್ಲಿಷ್ ಮತ್ತು ಗಣಿತದಲ್ಲೇ ಕೂರಿಸುವಂತೆ ಮಾಡಿದವು. ಇದು ಒಳ್ಳೆಯ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ಆದರೆ ತರಗತಿಯ ಜೊತೆಗೆ ಕೊಡಬೇಕಾದ ಟ್ಯೂಟರಿಂಗ್ ಎಲ್ಲ ಕಡೆ ಒಂದೇ ಗುಣಮಟ್ಟದಲ್ಲಿಲ್ಲ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಫಿಸಿಕ್ಸ್ ಓದುವವರಿಗೆ ಗಣಿತದ ತೊಡಕು ಬೇರೆ ಬಗೆಯದು. ಅಲ್ಲಿ ಕೋರ್ಸ್‌ಗಳು ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಕ್ಯಾಲ್ಕುಲಸ್‌ನ ಮೊದಲ ಭಾಗವಿಲ್ಲದೆ ಎರಡನೆಯದಿಲ್ಲ, ಎರಡನೆಯದಿಲ್ಲದೆ ಮೂರನೆಯದಿಲ್ಲ. ಎಂಜಿನಿಯರಿಂಗ್‌ಗೆ ಸಲ್ಲುವ ಫಿಸಿಕ್ಸ್‌ಗೂ ಕ್ಯಾಲ್ಕುಲಸ್ ಬೇಕು. ಡೇಟಾ ಸ್ಟ್ರಕ್ಚರ್ಸ್‌ಗೆ ಅದಕ್ಕಿಂತ ಮೊದಲಿನ ಪ್ರೋಗ್ರಾಮಿಂಗ್ ಕೋರ್ಸ್ ಬೇಕು. ಚಿಕ್ಕ ಕಾಲೇಜುಗಳಲ್ಲಿ ಈ ಮೇಲಿನ ಕೋರ್ಸ್‌ಗಳಲ್ಲಿ ಕೆಲವನ್ನು ವರ್ಷಕ್ಕೊಮ್ಮೆ ಮಾತ್ರ ನಡೆಸುವುದುಂಟು. ಹಾಗಿರುವಾಗ ಒಂದು ಸೆಮಿಸ್ಟರ್ ಗಣಿತ ಬಿಟ್ಟರೆ ತಪ್ಪುವುದು ಒಂದು ಸೆಮಿಸ್ಟರ್ ಅಲ್ಲ, ಒಂದು ವರ್ಷ. ನಿಮ್ಮ ಮಗನ 68 ಯೂನಿಟ್‌ಗಳ ಒಳಗೆ ಈ ಸರಪಳಿಯ ಮೊದಲ ಕೊಂಡಿ ಮಾತ್ರ ಇದೆ, ಆದ್ದರಿಂದಲೇ ಇನ್ನೂ ಎರಡು ಸೆಮಿಸ್ಟರ್ ಬೇಕು.

ಮಕ್ಕಳು ಸಾಮಾನ್ಯವಾಗಿ ಸುಲಭವಾದ ಜನರಲ್ ಎಜುಕೇಶನ್ ಕೋರ್ಸ್‌ಗಳನ್ನು, ಅಂದರೆ ಯಾವ ಮೇಜರ್‌ನವರೂ ಓದಬೇಕಾದ ಸಾಮಾನ್ಯ ವಿಷಯಗಳನ್ನು, ಮೊದಲು ಮುಗಿಸಿ ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೇಲ್ನೋಟಕ್ಕೆ ಜಾಣತನದಂತೆ ಕಾಣುವ ಈ ಕ್ರಮ ತಾಂತ್ರಿಕ ಮೇಜರ್‌ಗಳಲ್ಲಿ ತಲೆಕೆಳಗಾದದ್ದು. 2025ರ ಫಾಲ್, ಅಂದರೆ ಆಗಸ್ಟ್ ಹೊತ್ತಿಗೆ ಆರಂಭವಾಗುವ, ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವವರಿಗೆ ಯುಸಿ ಮತ್ತು ಸಿಎಸ್‌ಯು ಎರಡಕ್ಕೂ ಸಲ್ಲುವ ಕ್ಯಾಲ್-ಗೆಟ್‌ಸಿ ಎಂಬ ಒಂದೇ ಜನರಲ್ ಎಜುಕೇಶನ್ ಪಟ್ಟಿ ಅನ್ವಯಿಸುತ್ತದೆ. ಇಂಗ್ಲಿಷ್, ವಿಮರ್ಶಾತ್ಮಕ ಚಿಂತನೆ, ಭಾಷಣ, ಗಣಿತ, ಕಲೆ, ಸಮಾಜ ವಿಜ್ಞಾನ, ವಿಜ್ಞಾನ, ಎಥ್ನಿಕ್ ಸ್ಟಡೀಸ್ ಎಲ್ಲ ಸೇರಿ 11 ಕೋರ್ಸ್, 34 ಯೂನಿಟ್. 2023ರಲ್ಲಿ ಸೇರಿ ನಡುವೆ ಬಿಡದೆ ಓದುತ್ತಿರುವ ನಿಮ್ಮ ಮಗ ಹಳೆಯ ಪಟ್ಟಿಯಲ್ಲೇ ಮುಂದುವರಿಯಬಹುದು, ಅದನ್ನು ಕೌನ್ಸೆಲರ್ ಬಳಿ ಖಚಿತಪಡಿಸಿಕೊಳ್ಳಲಿ. ಆದರೆ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್‌ಗೆ ಹೋಗುವವರು ಈ ಪಟ್ಟಿಯನ್ನು ಪೂರ್ತಿ ಮುಗಿಸುವುದಕ್ಕಿಂತ ಮೇಜರ್‌ನ ಸಿದ್ಧತೆಗೆ ಹೆಚ್ಚಿನ ಗಮನ ಕೊಡಬೇಕೆಂದು ಯುಸಿಯೇ ಹೇಳುತ್ತದೆ. ಉಳಿದ ಜನರಲ್ ಎಜುಕೇಶನ್ ಕೋರ್ಸ್‌ಗಳನ್ನು ಅಲ್ಲಿಗೆ ಹೋದ ಮೇಲೂ ಮುಗಿಸಬಹುದು, ಕ್ಯಾಲ್ಕುಲಸ್ ಇಲ್ಲದ ಅರ್ಜಿಗೆ ಮಾತ್ರ ಬೇರೆ ಮದ್ದಿಲ್ಲ.

ಆದ್ದರಿಂದ ನಿಮ್ಮ ಮಗ ಈ ವಾರವೇ ಮಾಡಬೇಕಾದ ಕೆಲಸವೊಂದಿದೆ. ಅಸಿಸ್ಟ್ ಎಂಬ ರಾಜ್ಯದ ಅಧಿಕೃತ ಜಾಲತಾಣದಲ್ಲಿ ತನ್ನ ಕಾಲೇಜಿನ ಹೆಸರು, ತಾನು ಸೇರಬಯಸುವ ಕ್ಯಾಂಪಸ್ಸಿನ ಹೆಸರು ಮತ್ತು ಮೇಜರ್ ಈ ಮೂರನ್ನೂ ಆರಿಸಿದರೆ, ಎಡಗಡೆ ಯೂನಿವರ್ಸಿಟಿ ಬಯಸುವ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ತನ್ನ ಕಾಲೇಜಿನ ಕೋರ್ಸ್ ಎಂಬಂತೆ ಒಪ್ಪಂದದ ಪಟ್ಟಿ ತೆರೆದುಕೊಳ್ಳುತ್ತದೆ. ನಾಲ್ಕೈದು ಕ್ಯಾಂಪಸ್‌ಗಳಿಗೆ ಹೀಗೆ ಮುದ್ರಿಸಿಕೊಂಡು ಪಕ್ಕಪಕ್ಕದಲ್ಲಿ ಇಡಲಿ. ಎಲ್ಲದರಲ್ಲೂ ಬರುವ ಕೋರ್ಸ್‌ಗಳು ಮೊದಲ ಆದ್ಯತೆ, ಎರಡು ಮೂರರಲ್ಲಿ ಬರುವವು ಎರಡನೆಯದು, ಒಂದೇ ಕ್ಯಾಂಪಸ್ ಕೇಳುವ ವಿಚಿತ್ರ ಕೋರ್ಸ್‌ಗೋಸ್ಕರ ಉಳಿದದ್ದನ್ನು ಕೆಡಿಸಿಕೊಳ್ಳಬಾರದು. ಸೇರಬೇಕಾದ ಜಾಗದ ಪಟ್ಟಿಯನ್ನು ಮೊದಲು ಹಿಡಿದು, ಅಲ್ಲಿಂದ ಸೆಮಿಸ್ಟರ್ ಸೆಮಿಸ್ಟರ್ ಹಿಂದಕ್ಕೆ ಎಣಿಸುತ್ತಾ ಬರುವುದು ಇಲ್ಲಿಯ ಕ್ರಮ. ಈಗ ಯಾವ ತರಗತಿಯಲ್ಲಿ ಜಾಗ ಇದೆಯೋ ಅದಕ್ಕೆ ಸೇರಿಕೊಂಡು ಮುಂದೆ ನೋಡೋಣ ಎನ್ನುವುದು ಇದಕ್ಕೆ ಸರಿಯಾಗಿ ವಿರುದ್ಧವಾದ ದಾರಿ, ಮತ್ತು ಹೆಚ್ಚಿನವರು ಹಿಡಿಯುವುದು ಅದನ್ನೇ.

ಫಾಲ್‌ನಲ್ಲಿ ಕ್ಯಾಲ್ಕುಲಸ್‌ನ ಎರಡನೆಯ ಭಾಗ, ಡಿಸ್ಕ್ರೀಟ್ ಗಣಿತ ಮತ್ತು ಮುಂದಿನ ಪ್ರೋಗ್ರಾಮಿಂಗ್ ಕೋರ್ಸ್. ಅದರ ನಂತರದ ಸ್ಪ್ರಿಂಗ್ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್‌ನ ಮೂರನೆಯ ಭಾಗ, ಲೀನಿಯರ್ ಆಲ್ಜೀಬ್ರಾ ಮತ್ತು ಡೇಟಾ ಸ್ಟ್ರಕ್ಚರ್ಸ್: ನೀವು ಬರೆದಿರುವುದನ್ನು ನೋಡಿದರೆ ಅವನ ವರ್ಷ ಹೆಚ್ಚುಕಡಿಮೆ ಹೀಗಿರಬೇಕು. ಇದು ಭಾರವಾದ ವರ್ಷ. ಇದರ ಜೊತೆಗೆ ವಾರಕ್ಕೆ 20 ಗಂಟೆ ಕೆಲಸ ಎಂದರೆ ಗಣಿತದ ಅಂಕ ಸೊರಗುವ ಸಂಭವ ಹೆಚ್ಚು. ಆ ಸಂಬಳ ಮನೆಗೆ ಅಗತ್ಯವಿಲ್ಲ ಎಂದಾದರೆ, ಹತ್ತು ಗಂಟೆಗೆ ಇಳಿಸಿಕೊಳ್ಳುವಂತೆ ಅವನೊಂದಿಗೆ ಮಾತನಾಡಿ. ಪೋಷಕರಾಗಿ ನೀವು ನೇರವಾಗಿ ಕೊಡಬಹುದಾದ ಅತಿ ದೊಡ್ಡ ನೆರವು ಇದೇ ಎಂದು ನಾನು ಎಣಿಸುತ್ತೇನೆ.

ತನ್ನ ಕಾಲೇಜಿನಲ್ಲಿ ಒಂದು ಕೋರ್ಸ್ ಸಿಗದಿದ್ದರೆ ಅದೇ ಅವಧಿಯಲ್ಲಿ ಬೇರೆ ಕಮ್ಯುನಿಟಿ ಕಾಲೇಜಿನಲ್ಲಿ, ಆನ್‌ಲೈನ್‌ನಲ್ಲಾದರೂ, ತೆಗೆದುಕೊಳ್ಳಲು ಅವಕಾಶವಿದೆ. ಇಲ್ಲೊಂದು ಎಚ್ಚರಿಕೆ ಬೇಕು. ನಿಮ್ಮ ಸುತ್ತಮುತ್ತಲಿನ ಕಾಲೇಜುಗಳಲ್ಲಿ ಹೆಚ್ಚಿನವು ಸೆಮಿಸ್ಟರ್ ಪದ್ಧತಿಯವು, ಆದರೆ ಕ್ಯುಪರ್ಟಿನೊದ ಡಿ ಆಂಜಾ ಮತ್ತು ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜುಗಳು ಓದಿನ ವರ್ಷವನ್ನು ಮೂರು ಚಿಕ್ಕ ಅವಧಿಗಳಾಗಿ ಹಂಚಿದ ಕ್ವಾರ್ಟರ್ ಪದ್ಧತಿಯವು. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ಭಾಗಗಳಲ್ಲಿ ಮುಗಿದರೆ ಸೆಮಿಸ್ಟರ್ ಕಾಲೇಜಿನಲ್ಲಿ ಸಾಮಾನ್ಯವಾಗಿ ಮೂರು ಭಾಗ. ಅರ್ಧ ಸರಣಿ ಇಲ್ಲಿ, ಅರ್ಧ ಅಲ್ಲಿ ಎಂದು ಮಾಡಿಕೊಂಡರೆ ನಡುವಿನ ಒಂದಷ್ಟು ಪಾಠ ಎರಡೂ ಕಡೆ ಬಿಟ್ಟುಹೋಗಿ, ಒಪ್ಪಂದದ ಪಟ್ಟಿಗೂ ಹೊಂದದೆ ತೊಂದರೆಯಾಗುತ್ತದೆ. ಬಿಡಿ ಕೋರ್ಸ್‌ಗಳನ್ನು ಎಲ್ಲಿ ಬೇಕಾದರೂ ತೆಗೆದುಕೊಳ್ಳಲಿ, ಸರಣಿಯನ್ನು ಆರಂಭಿಸಿದ ಕಡೆಯೇ ಮುಗಿಸಲಿ. ಫ್ಲಾರಿಡಾ ರಾಜ್ಯ 1970ರ ದಶಕದಲ್ಲೇ ಎಲ್ಲ ಸರ್ಕಾರಿ ಕಾಲೇಜುಗಳಿಗೂ ಒಂದೇ ಕೋರ್ಸ್ ಸಂಖ್ಯೆಯನ್ನು ಕೊಟ್ಟು ಇಂತಹ ಗೊಂದಲವನ್ನು ಬಹುಮಟ್ಟಿಗೆ ಕಡಿಮೆ ಮಾಡಿಕೊಂಡಿತು. ಕ್ಯಾಲಿಫೋರ್ನಿಯಾಕ್ಕೆ ಆ ಬುದ್ಧಿ ಬಂದದ್ದು 2021ರ ಎಬಿ 1111 ಶಾಸನದಲ್ಲಿ, ಮತ್ತು ಅದರ ಮೊದಲ ಕಂತಿನಲ್ಲಿ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿಯಂತಹ ಆರು ಕೋರ್ಸ್‌ಗಳಷ್ಟೇ ಇವೆ.

ಎಲ್ಲಿಗೆ ಅರ್ಜಿ ಹಾಕಬೇಕು ಎಂಬ ವಿಚಾರದಲ್ಲಿ ಎರಡು ಭರವಸೆಗಳಿವೆ, ಎರಡನ್ನೂ ಅವುಗಳ ಮಿತಿಯೊಂದಿಗೆ ಅರಿತಿರಬೇಕು. 2010ರ ಎಸ್‌ಬಿ 1440 ಶಾಸನದಿಂದ ಬಂದ, ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿಯಾದ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್, ಎಲ್ಲರೂ ಎಡಿಟಿ ಎನ್ನುವುದು, ಅದನ್ನು ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಒಂದು ಸೀಟನ್ನು ಖಾತ್ರಿಪಡಿಸುತ್ತದೆ ಮತ್ತು ಅದೇ ವಿಷಯದಲ್ಲಿ ಮುಂದುವರಿದರೆ ಇನ್ನು 60 ಯೂನಿಟ್‌ಗಳಲ್ಲಿ ಪದವಿ ಮುಗಿಸುವ ಅವಕಾಶ ಕೊಡುತ್ತದೆ. ಆದರೆ ಖಾತ್ರಿ ಇರುವುದು ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ, ಬಯಸಿದ ಕ್ಯಾಂಪಸ್ಸಿನಲ್ಲಲ್ಲ. ಸ್ಯಾನ್ ಹೋಸೆ ಸ್ಟೇಟ್‌ನ ಕಂಪ್ಯೂಟರ್ ಸೈನ್ಸ್‌ಗೆ ಸೀಟಿಗಿಂತ ಅರ್ಜಿಗಳು ಹೆಚ್ಚು ಬರುವುದರಿಂದ ಎಡಿಟಿ ಇದ್ದರೂ ಅಲ್ಲಿ ಸ್ಪರ್ಧೆ ತಪ್ಪುವುದಿಲ್ಲ. ಎರಡನೆಯದು ಯುಸಿಯ ಟ್ಯಾಗ್, ಅಂದರೆ ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳಲ್ಲಿ ಯಾವುದಾದರೂ ಒಂದಕ್ಕೆ ಮಾತ್ರ, ನಿಗದಿತ ಕೋರ್ಸ್ ಮತ್ತು ಜಿಪಿಎ (ಸರಾಸರಿ ಅಂಕ) ಇದ್ದರೆ, ಮುಂಗಡ ಭರವಸೆ ಪಡೆಯಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಬೇಡಿಕೆ ಹೆಚ್ಚಿರುವ ತಾಂತ್ರಿಕ ಮೇಜರ್‌ಗಳನ್ನು ಕೆಲವು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗಿಟ್ಟಿವೆ, ಪ್ರತಿ ವರ್ಷದ ಪಟ್ಟಿಯನ್ನು ನೋಡಿಯೇ ಆರಿಸಬೇಕು. ಟ್ಯಾಗ್ ಅರ್ಜಿಗೆ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ ಕಾಲಾವಕಾಶ. ಅಕ್ಟೋಬರ್‌ನಿಂದ ಸಲ್ಲಿಸಬಹುದಾದ ಮುಖ್ಯ ಅರ್ಜಿಯನ್ನು ಮಾತ್ರ ನೆನಪಿಟ್ಟುಕೊಂಡು ಇದನ್ನು ಕಳೆದುಕೊಳ್ಳುವವರು ಪ್ರತಿ ವರ್ಷವೂ ಸಿಗುತ್ತಾರೆ.

ಖರ್ಚಿನ ಲೆಕ್ಕವನ್ನು ನೀವು ಕೇಳಿಲ್ಲ, ಆದರೂ ಖಾಸಗಿ ಯೂನಿವರ್ಸಿಟಿಯ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ 46 ಡಾಲರ್, 2012ರಿಂದ ಏರಿಲ್ಲ. ಹೆಚ್ಚಿನ ಒಂದು ವರ್ಷದ ಬೋಧನಾ ಶುಲ್ಕ 1,400 ಡಾಲರ್‌ನ ಒಳಗೇ ಮುಗಿಯುತ್ತದೆ. ಆದಾಯ ಕಡಿಮೆ ಇರುವವರಿಗೆ ಅದೂ ಮನ್ನಾ ಆಗುತ್ತದೆ.

ಕಾಲೇಜಿನವರು ಫೋನಿನಲ್ಲಿ ಉತ್ತರ ಕೊಡಲಿಲ್ಲ ಎಂಬ ಬೇಸರ ಸಹಜವಾದದ್ದು, ಆದರೆ ಅವರು ಕಾನೂನನ್ನೇ ಪಾಲಿಸಿದ್ದಾರೆ. 1974ರ ಫರ್ಪಾ ಎಂಬ ಕೇಂದ್ರ ಶಾಸನದ ಪ್ರಕಾರ ವಿದ್ಯಾರ್ಥಿ ಕಾಲೇಜಿಗೆ ಸೇರಿದ ಕೂಡಲೇ ಅವನ ಶೈಕ್ಷಣಿಕ ದಾಖಲೆಗಳ ಹಕ್ಕು ತಂದೆ-ತಾಯಿಗಳಿಂದ ಅವನಿಗೇ ವರ್ಗವಾಗುತ್ತದೆ. ಅವನ ಒಪ್ಪಿಗೆಯಿಲ್ಲದೆ ಕಾಲೇಜುಗಳು ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಅಂಕಪಟ್ಟಿಗೆ ತಂದೆಯ ಸಹಿ ಹಾಕಿಸಿಕೊಂಡು ಬಾ ಎನ್ನುವ ಕಾಲದಲ್ಲಿ ಓದಿದ ನಮಗೆ ಇದು ಒಗ್ಗುವುದು ಕಷ್ಟ. ದಾರಿ ಒಂದೇ: ಅವನೇ ತನ್ನ ಎಜುಕೇಶನ್ ಪ್ಲಾನ್ (ಯಾವ ಸೆಮಿಸ್ಟರ್‌ನಲ್ಲಿ ಯಾವ ಕೋರ್ಸ್ ಎಂಬ ಯೋಜನೆ) ತೆರೆದು ನಿಮಗೆ ತೋರಿಸುವಂತಹ ವಾತಾವರಣ ಮನೆಯಲ್ಲಿರಬೇಕು. ಎರಡು ಸಲ ಮೇಜರ್ ಬದಲಿಸಿದ್ದನ್ನು ಪ್ರತಿ ಊಟದ ಹೊತ್ತಿಗೂ ಎತ್ತಿ ಆಡಿದರೆ ಅವನು ತೋರಿಸುವುದಿಲ್ಲ.

ಇನ್ನು ಕನ್ನಡ ಕೂಟದ ಕೆಲಸ. ಇದರಲ್ಲಿ ನೆರವು ಎಂದರೆ ಏನು ಎಂಬುದಕ್ಕೆ ಗಟ್ಟಿಯಾದ ಪುರಾವೆ ಇರುವ ಒಂದು ಕಾರ್ಯಕ್ರಮವಿದೆ. ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯವಾದ ಕ್ಯೂನಿ 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಎಸ್ಯಾಪ್ ಎಂಬ ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿ ಪೂರ್ಣಾವಧಿ ಓದಬೇಕು. ಪ್ರತಿಯಾಗಿ ಅವನಿಗೆ ತನ್ನವರೇ ಎಂಬಂತೆ ಒಬ್ಬ ಸಲಹೆಗಾರರು ಸಿಗುತ್ತಾರೆ, ಅವರ ಬಳಿ ಕಡಿಮೆ ವಿದ್ಯಾರ್ಥಿಗಳಿರುವುದರಿಂದ ಮತ್ತೆ ಮತ್ತೆ ಭೇಟಿ ಸಾಧ್ಯವಾಗುತ್ತದೆ. ಸಹಾಯಧನ ತುಂಬದೆ ಉಳಿದ ಶುಲ್ಕವನ್ನು ಯೋಜನೆಯೇ ಭರಿಸುತ್ತದೆ. ಪಠ್ಯಪುಸ್ತಕಕ್ಕೆ ಹಣ ಸಿಗುತ್ತದೆ, ಸಬ್‌ವೇ ಮತ್ತು ಬಸ್ಸಿನ ಪ್ರಯಾಣದ ಕಾರ್ಡ್ ಸಿಗುತ್ತದೆ. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ವರ್ಷದೊಳಗೆ ಅಸೋಸಿಯೇಟ್ ಪದವಿ ಮುಗಿಸಿದವರು ಯೋಜನೆಯಲ್ಲಿದ್ದವರಲ್ಲಿ ಶೇ. 40, ಇಲ್ಲದವರಲ್ಲಿ ಶೇ. 22. ಒಹಾಯೊದ ಮೂರು ಕಾಲೇಜುಗಳಲ್ಲಿ ಇದೇ ಮಾದರಿಯನ್ನು ಪ್ರಯೋಗಿಸಿದಾಗಲೂ ಪದವಿ ಪಡೆದವರ ಪ್ರಮಾಣ ಬಹುತೇಕ ಇಮ್ಮಡಿಯಾಯಿತು. ಇದರಲ್ಲಿ ಯಾವ ಮಾಯೆಯೂ ಇಲ್ಲ. ಒಬ್ಬರು ಬಿಡದೆ ವಿಚಾರಿಸಿಕೊಳ್ಳುತ್ತಾರೆ, ಸಣ್ಣ ಖರ್ಚಿಗೆ ಓದು ನಿಲ್ಲುವುದಿಲ್ಲ, ಪೂರ್ಣಾವಧಿಯ ಓದು ತುಂಡಾಗುವುದಿಲ್ಲ. ಈ ಮೂರೂ ಕೂಡಿದ್ದರಿಂದ ಫಲ ಬಂದಿದೆ; ಯಾವುದೋ ಒಂದನ್ನು ಮಾತ್ರ ಎತ್ತಿಕೊಂಡರೆ ಇಷ್ಟೇ ಫಲ ಬರುತ್ತದೆ ಎನ್ನಲಾಗದು.

ಆದ್ದರಿಂದ ಸಭಾಂಗಣ ಹಿಡಿದು, ದೊಡ್ಡ ಕಂಪನಿಯ ಹುದ್ದೆಯಲ್ಲಿರುವವರಿಂದ ಯಶಸ್ಸಿನ ಕಥೆ ಹೇಳಿಸುವ ಕಾರ್ಯಕ್ರಮಕ್ಕೆ ನನ್ನ ಒಲವಿಲ್ಲ. ಮಕ್ಕಳಿಗೆ ಸ್ಫೂರ್ತಿ ಕಡಿಮೆಯಾಗಿಲ್ಲ, ಮುಂದಿನ ಸೆಮಿಸ್ಟರ್‌ನ ನೋಂದಣಿಗೆ ಮುಂಚೆ ಪಟ್ಟಿಯನ್ನು ಒಮ್ಮೆ ಜೊತೆಗೆ ಕೂತು ನೋಡುವವರು ಕಡಿಮೆಯಾಗಿದ್ದಾರೆ. ಒಬ್ಬೊಬ್ಬ ಸ್ವಯಂಸೇವಕರು ಎರಡು ಮೂರು ಮಕ್ಕಳನ್ನು ಮಾತ್ರ ವಹಿಸಿಕೊಂಡು, ಪ್ರತಿ ನೋಂದಣಿಯ ದಿನಕ್ಕೆ ಎರಡು ವಾರ ಮೊದಲು ಭೇಟಿಯಾಗಿ, ಅಸಿಸ್ಟ್‌ನ ಒಪ್ಪಂದವನ್ನೂ ವಿದ್ಯಾರ್ಥಿಯ ಅಂಕಪಟ್ಟಿಯನ್ನೂ ಪಕ್ಕದಲ್ಲಿಟ್ಟು, ಯಾವ ಸಾಲು ತುಂಬಿದೆ, ಯಾವುದು ಖಾಲಿ ಇದೆ ಎಂದು ನೋಡಲಿ. ಅಲ್ಲಿ ಹುಟ್ಟುವ ಪ್ರಶ್ನೆಗಳನ್ನು ವಿದ್ಯಾರ್ಥಿಯೇ ಬರೆದುಕೊಂಡು ಕಾಲೇಜಿನ ಟ್ರಾನ್ಸ್‌ಫರ್ ಸೆಂಟರ್‌ಗೆ ಹೋಗಲಿ. ಉತ್ತರವನ್ನು ನಿಮ್ಮ ಸ್ವಯಂಸೇವಕರೇ ಕೊಡಲು ಹೋಗಬಾರದು. ನಿಯಮಗಳು ವರ್ಷವರ್ಷಕ್ಕೆ ಬದಲಾಗುತ್ತವೆ, ಹತ್ತು ವರ್ಷದ ಹಿಂದೆ ತಮ್ಮ ಮಗಳಿಗೆ ಅನ್ವಯಿಸಿದ್ದನ್ನು ಇಂದಿನ ಹುಡುಗನಿಗೆ ಹೇಳುವ ಹಿತೈಷಿಗಳಿಂದ ಆಗಿರುವ ತೊಂದರೆ ಸಣ್ಣದಲ್ಲ. 70 ಯೂನಿಟ್‌ನ ಭಯ ನಿಮಗೆ ಬಂದದ್ದೂ ಅದೇ ದಾರಿಯಿಂದ.

ಕಾಲೇಜಿನ ಒಳಗೇ ಇರುವ ನೆರವಿಗೆ ಮಕ್ಕಳನ್ನು ಜೋಡಿಸುವುದು ಹಣ ಸಂಗ್ರಹಕ್ಕಿಂತ ಹೆಚ್ಚು ಉಪಯೋಗದ ಕೆಲಸ. ಆದಾಯ ಕಡಿಮೆ ಇರುವ ಕುಟುಂಬದವರಿಗೆ ಇಒಪಿಎಸ್ ಎಂಬ ರಾಜ್ಯದ ಕಾರ್ಯಕ್ರಮ 1969ರಿಂದ ಇದೆ. ಅದರಲ್ಲಿ ಪುಸ್ತಕಕ್ಕೆ ನೆರವಿನ ಜೊತೆಗೆ ಕೌನ್ಸೆಲರ್ ಭೇಟಿಯೂ ಕಡ್ಡಾಯವಾದ್ದರಿಂದ ಮಗು ಕಣ್ಮರೆಯಾಗುವುದಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ ಹಲವು ಕಾಲೇಜುಗಳಲ್ಲಿ ಮೆಸಾ ಎಂಬ ನೆರವಿನ ಕೇಂದ್ರಗಳಿವೆ. 1981ರಲ್ಲಿ ನಿಮ್ಮ ನೆರೆಯ ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ ಹುಟ್ಟಿದ ಪ್ಯುವೆಂಟೆ ಎಂಬ ಕಾರ್ಯಕ್ರಮ ಮುಖ್ಯವಾಗಿ ಲ್ಯಾಟಿನೊ ಮಕ್ಕಳಿಗಾಗಿ ರೂಪುಗೊಂಡರೂ ಎಲ್ಲರಿಗೂ ತೆರೆದಿದೆ, ಬರವಣಿಗೆಯಲ್ಲಿ ಹಿಂದೆ ಬಿದ್ದವರಿಗೆ ಅದು ಬಹಳ ಒಳ್ಳೆಯದು. ಇವುಗಳ ಬಗ್ಗೆ ನಮ್ಮವರಿಗೆ ತಿಳಿಯದಿರುವುದಕ್ಕೆ, ತಿಳಿದರೂ ಸಂಕೋಚಪಡುವುದಕ್ಕೆ ಒಂದು ಕಾರಣ, ಇಲ್ಲಿಯ ಕನ್ನಡಿಗರೆಲ್ಲ ಸಾಫ್ಟ್‌ವೇರ್ ಸಂಬಳದವರು ಎಂಬ ನಮ್ಮದೇ ಕಲ್ಪನೆ. ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವ ಕುಟುಂಬಗಳೂ ನಮ್ಮ ನಡುವೆ ಇವೆ, ಕೂಟದ ನೆರವು ಮೊದಲು ತಲುಪಬೇಕಾದದ್ದು ಅಲ್ಲಿಗೆ.

ಎಚ್-4 ವೀಸಾದ, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತರಾಗಿ ಬಂದ, ಮಕ್ಕಳ ವಿಚಾರವನ್ನು ಸ್ವಯಂಸೇವಕರು ಪ್ರತ್ಯೇಕವಾಗಿ ತಿಳಿದಿರಬೇಕು. ಅವರು ಕ್ಯಾಲಿಫೋರ್ನಿಯಾದ ನಿವಾಸಿಗಳೆಂದು ಸಾಬೀತುಪಡಿಸಿ ಕಡಿಮೆ ಶುಲ್ಕ ಪಡೆಯಬಹುದು, ಆದರೆ ಕೇಂದ್ರ ಸರ್ಕಾರದ ಹಣಕಾಸಿನ ನೆರವು ಅವರಿಗಿಲ್ಲ, ಕೆಲಸ ಮಾಡುವಂತೆಯೂ ಇಲ್ಲ. 21 ತುಂಬಿದೊಡನೆ ಆ ವೀಸಾ ಮುಗಿಯುತ್ತದೆ. ಹೆಚ್ಚಿನವರು ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗುತ್ತಾರೆ, ಆಗ ಶುಲ್ಕದ ಲೆಕ್ಕವೂ ಬದಲಾಗಬಹುದು ಮತ್ತು ಪೂರ್ಣಾವಧಿ ಓದು ಕಡ್ಡಾಯವಾಗುತ್ತದೆ. ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ಹೋಗುವ ವಯಸ್ಸು ಮತ್ತು ಈ 21 ಎರಡೂ ಒಟ್ಟಿಗೇ ಬರುವುದರಿಂದ, ಅಂತಹ ಮಕ್ಕಳಿಗೆ ಒಂದು ವರ್ಷದ ವಿಳಂಬ ನಿಮ್ಮ ಮಗನಿಗಿಂತ ಎಷ್ಟೋ ದುಬಾರಿ. ಅವರು ಕಾಲೇಜಿನ ಪ್ರವೇಶ ಕಚೇರಿಯನ್ನೂ ವಲಸೆ ವಕೀಲರನ್ನೂ 20ನೆಯ ವಯಸ್ಸಿಗೇ ಕಾಣಬೇಕು.

ವರ್ಗವಾಗಿ ಹೋದ ಮೇಲಿನ ಮಾತು ಸ್ವಲ್ಪ. ಮೊದಲ ಅವಧಿಯಲ್ಲಿ ಅಂಕ ತುಸು ಕುಸಿಯುವುದು ಎಷ್ಟು ಸಾಮಾನ್ಯ ಎಂದರೆ ಅದಕ್ಕೆ ಟ್ರಾನ್ಸ್‌ಫರ್ ಶಾಕ್ ಎಂಬ ಹೆಸರು 1960ರ ದಶಕದಿಂದಲೇ ಇದೆ. ಬರ್ಕ್ಲಿ ಮತ್ತು ಮರ್ಸೆಡ್ ಬಿಟ್ಟರೆ ಯುಸಿ ಕ್ಯಾಂಪಸ್‌ಗಳೆಲ್ಲ ಕ್ವಾರ್ಟರ್ ಪದ್ಧತಿಯವು. ಹತ್ತು ವಾರಗಳಲ್ಲಿ ಪಾಠ ಮುಗಿಯುವ ವೇಗ ಸೆಮಿಸ್ಟರ್‌ಗೆ ಹೊಂದಿಕೊಂಡವರನ್ನು ತಬ್ಬಿಬ್ಬುಗೊಳಿಸುತ್ತದೆ. ಆ ಮೊದಲ ಕ್ವಾರ್ಟರ್‌ನಲ್ಲಿ ಮೂರು ಕಷ್ಟದ ಮೇಜರ್ ಕೋರ್ಸ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳದಿರುವುದೇ ಇದಕ್ಕೆ ಇರುವ ಸರಳ ಉಪಾಯ. ಇಲ್ಲಿ ಉಳಿಸಿಟ್ಟ ಒಂದೆರಡು ಜನರಲ್ ಎಜುಕೇಶನ್ ಕೋರ್ಸ್‌ಗಳು ಆಗ ಉಪಯೋಗಕ್ಕೆ ಬರುತ್ತವೆ.

ನಿಮ್ಮ ಮಗನ ಅರ್ಜಿ ನವೆಂಬರ್ ಒಳಗೆ ಹೋದರೂ ಕೆಲಸ ಮುಗಿಯಿತೆಂದು ಎಣಿಸಬೇಡಿ. ಫಾಲ್‌ನ ಅಂಕಗಳನ್ನೂ ಸ್ಪ್ರಿಂಗ್‌ಗೆ ನೋಂದಾಯಿಸಿದ ಕೋರ್ಸ್‌ಗಳನ್ನೂ ಯುಸಿಯ ಟ್ರಾನ್ಸ್‌ಫರ್ ಅಕಡೆಮಿಕ್ ಅಪ್‌ಡೇಟ್‌ನಲ್ಲಿ ಜನವರಿ ತಿಂಗಳೊಳಗೆ ತುಂಬಬೇಕು. ಅರ್ಜಿಯಲ್ಲಿ ತೋರಿಸಿದ ಯಾವ ಕೋರ್ಸನ್ನೂ ಕ್ಯಾಂಪಸ್ಸಿಗೆ ತಿಳಿಸದೆ ಸ್ಪ್ರಿಂಗ್‌ನಲ್ಲಿ ಕೈಬಿಡಬಾರದು. ಮೇಜರ್‌ಗೆ ಬೇಕಾದದ್ದು ಸ್ಪ್ರಿಂಗ್ ಮುಗಿಯುವುದರೊಳಗೆ ಆಗಿರಬೇಕು, ಅನಂತರದ ಬೇಸಿಗೆಗೆ ಎಂದು ಏನನ್ನೂ ಉಳಿಸಿಕೊಳ್ಳುವಂತಿಲ್ಲ. ಸೀಟು ಸಿಕ್ಕಿ ಒಪ್ಪಿಕೊಂಡ ಮೇಲೆ, ಓದಿದ ಪ್ರತಿಯೊಂದು ಕಾಲೇಜಿನಿಂದಲೂ, ಒಂದೇ ಕೋರ್ಸ್ ತೆಗೆದುಕೊಂಡಿದ್ದರೂ ಸರಿ, ಅಂತಿಮ ಅಂಕಪಟ್ಟಿ ಜುಲೈ 1ರೊಳಗೆ ಕ್ಯಾಂಪಸ್ಸನ್ನು ತಲುಪಿರಬೇಕು. ಅಂಕಪಟ್ಟಿ ತಲುಪದ ಕಾರಣಕ್ಕೆ ಕೊಟ್ಟ ಸೀಟನ್ನು ಹಿಂದಕ್ಕೆ ಪಡೆಯುವ ಅಧಿಕಾರ ಕ್ಯಾಂಪಸ್ಸಿಗಿದೆ.